ಪೆಟ್ಟಿಗೆಯೊಳಗಿನ ಬಿಸಿಲು

ಅಮೆರಿಕದ ದೊಡ್ಡ ಪೆಟ್ ಅಂಗಡಿಗಳ ಹಿಂಬದಿಯ ಸಾಲಿನಲ್ಲಿ ಒಂದಷ್ಟು ಗಾಜಿನ ತೊಟ್ಟಿಗಳಿರುತ್ತವೆ. ಅವುಗಳಲ್ಲಿ ಒಂದರೊಳಗೆ ಗೇಣುದ್ದವೂ ಇಲ್ಲದ ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಹತ್ತಿ ಮೈ ಕಾಯಿಸಿಕೊಳ್ಳುತ್ತಿರುತ್ತವೆ. ಗದ್ದದ ಸುತ್ತ ಮುಳ್ಳು, ಚಪ್ಪಟೆ ಹೊಟ್ಟೆ, ಎದುರು ನಿಂತವರನ್ನು ಹೆದರದೆ ದಿಟ್ಟಿಸುವ ಕಣ್ಣು. ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ನಾಯಿ ಬೇಡ, ಬೆಕ್ಕು ಬೇಡ, ಇದೇ ಬೇಕು ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಅಪ್ಪ ಅಮ್ಮ ಮರಿಯ ಜೊತೆಗೆ ‘ಸ್ಟಾರ್ಟರ್ ಕಿಟ್’ ಎಂಬ ಒಂದು ಡಬ್ಬವನ್ನೂ ಕೊಳ್ಳುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಚಿಕ್ಕದೊಂದು ತೊಟ್ಟಿ, ಬಿಸಿ ಕೊಡುವ ಬಲ್ಬು, ಸುರುಳಿ ಸುತ್ತಿದ ಇನ್ನೊಂದು ಬಲ್ಬು, ಒಂದು ಚೀಲ ಮರಳು, ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಇರುತ್ತವೆ. ಸರಿಯಾಗಿ ಕಲಿತುಕೊಂಡ ಮನೆಯಲ್ಲಿ ಒಂದು ವರ್ಷ ಕಳೆಯುವ ಹೊತ್ತಿಗೆ ಈ ಸಾಮಾನುಗಳಲ್ಲಿ ಬಹುತೇಕ ಯಾವುದೂ ಉಳಿದಿರುವುದಿಲ್ಲ. ತೊಟ್ಟಿ ಸಾಲದಾಗಿರುತ್ತದೆ, ಮರಳು ಕಸದ ಬುಟ್ಟಿ ಸೇರಿರುತ್ತದೆ, ಬಲ್ಬು ಬದಲಾಗಿರುತ್ತದೆ. ಕಿಟ್‌ನಿಂದ ಅಲ್ಲಿಯವರೆಗಿನ ದಾರಿ ಹೇಗಿರುತ್ತದೆ ಎಂಬುದೇ ಈ ವಾರದ ವಿಷಯ.

ಮೊದಲು ಪ್ರಾಣಿಯ ಪರಿಚಯ. ನಮ್ಮ ಬೇಲಿಯ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತನಿಗೂ ಇದಕ್ಕೂ ನೆಂಟಸ್ತಿಕೆಯಿದೆ. ಎರಡೂ ಅಗಾಮಿಡೇ ಎಂಬ ಕುಟುಂಬದವು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಗೊತ್ತಿರುವ ಹಾರುವ ಓತಿಯೂ ಅದೇ ಕುಟುಂಬದ್ದು. ಓತಿಕ್ಯಾತನ ಹಾಗೆಯೇ ಈ ಗಡ್ಡದ ಓತಿಯ ಗಂಡೂ ತಲೆ ಕುಣಿಸುತ್ತದೆ, ಸಿಟ್ಟು ಬಂದಾಗ ಗದ್ದ ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತದೆ. ತವರು ಆಸ್ಟ್ರೇಲಿಯಾದ ಒಳನಾಡು. ಒಣ ಕುರುಚಲು, ಕೆಂಪು ಮಣ್ಣು, ಕಣ್ಣು ಕುಕ್ಕುವ ಬಿಸಿಲು. ಬೆಳಗ್ಗೆ ಬೇಲಿಯ ಗೂಟವನ್ನೋ ಬಿದ್ದ ಮರವನ್ನೋ ಹತ್ತಿ ಕೂತು ಮೈ ಬಿಸಿ ಮಾಡಿಕೊಂಡ ಮೇಲೆಯೇ ಅದರ ದಿನ ಶುರುವಾಗುವುದು. ಬಾಲ ಸೇರಿ ಒಂದೂವರೆ ಎರಡು ಅಡಿ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುತ್ತದೆ. ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕೆ ಹೊರದೇಶಕ್ಕೆ ಕಳಿಸುವುದನ್ನು ನಿಲ್ಲಿಸಿ ದಶಕಗಳೇ ಆಗಿವೆ. ಈಗ ಅಮೆರಿಕದಲ್ಲೂ ಯುರೋಪಿನಲ್ಲೂ ಮಾರಾಟವಾಗುವವು ಅಲ್ಲಲ್ಲಿಯೇ ತಲೆಮಾರುಗಳಿಂದ ಮೊಟ್ಟೆಯೊಡೆದು ಬಂದ ಸಂತತಿ. ಮನುಷ್ಯರ ಕೈಗೆ ಒಗ್ಗಿವೆ, ಹೆಗಲ ಮೇಲೆ ಕೂತು ಟಿವಿ ನೋಡುತ್ತವೆ. ಆದರೆ ಅವುಗಳ ಮೈ ಇವತ್ತಿಗೂ ಆ ಒಳನಾಡಿನ ಬಿಸಿಲನ್ನೇ ಕೇಳುತ್ತದೆ.

ಹೊಸಬರು ಎಡವುವುದು ಇಲ್ಲೇ. ನಾಯಿ ಸಾಕಿದ ಅನುಭವ ಇದ್ದವರಂತೂ ಹೆಚ್ಚು ಎಡವುತ್ತಾರೆ. ನಾಯಿ ತನ್ನ ಬಿಸಿಯನ್ನು ತಾನೇ ಹೊತ್ತು ತಿರುಗುವ ಪ್ರಾಣಿ. ಚಳಿಯಾದರೆ ಮುದುರಿ ಮಲಗುತ್ತದೆ, ಹಸಿವಾದರೆ ತಟ್ಟೆಯ ಮುಂದೆ ಕೂಗುತ್ತದೆ, ಪ್ರೀತಿಯಿಂದ ಅನ್ನ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಸರೀಸೃಪಕ್ಕೆ ಬಿಸಿ ಹೊರಗಿನಿಂದ ಬರಬೇಕು. ಗಡ್ಡದ ಓತಿಯ ಮೈ ಸುಮಾರು 35 ಡಿಗ್ರಿ ತಲುಪಿದರೆ ಮಾತ್ರ ತಿಂದದ್ದು ಅರಗುತ್ತದೆ, ಸ್ನಾಯು ಚುರುಕಾಗುತ್ತದೆ, ರೋಗ ತಡೆಯುವ ಶಕ್ತಿ ಕೆಲಸ ಮಾಡುತ್ತದೆ. ತಣ್ಣಗಿನ ತೊಟ್ಟಿಯಲ್ಲಿ ಎಷ್ಟೇ ಒಳ್ಳೆಯ ಆಹಾರ ಹಾಕಿದರೂ ಅದು ಹೊಟ್ಟೆಯಲ್ಲೇ ಕೊಳೆಯುತ್ತದೆ. ನಾಯಿಯ ಮೈಯೊಳಗೇ ನಡೆಯುವ ಅರ್ಧ ಕೆಲಸವನ್ನು ಇಲ್ಲಿ ಸಾಕುವವರು ಗಾಜಿನ ಪೆಟ್ಟಿಗೆಯಲ್ಲಿ ನಡೆಸಬೇಕು. ಅದನ್ನು ಕಣ್ಣಂದಾಜಿನಿಂದ ಮಾಡಲಾಗುವುದಿಲ್ಲ, ಅಳೆದೇ ಮಾಡಬೇಕು. ಚೆನ್ನಾಗಿ ಸಾಕುವವರನ್ನೂ ಕಷ್ಟಪಡುವವರನ್ನೂ ಹತ್ತಿರದಿಂದ ನೋಡಿದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ ಇದು: ಪ್ರೀತಿ ಎರಡೂ ಕಡೆ ಇರುತ್ತದೆ, ಅಳತೆ ಒಂದೇ ಕಡೆ ಇರುತ್ತದೆ.

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅವಳ ಮಗಳು ಆಗ ಆರನೇ ತರಗತಿ. ಗಾಜಿಗೆ ಅಂಟಿಸಿದ್ದ ಮುಳ್ಳಿನ ಥರ್ಮಾಮೀಟರ್ 32 ಡಿಗ್ರಿ ತೋರಿಸುತ್ತಿತ್ತು. ಹುಡುಗಿ ಶಾಲೆಯ ವಿಜ್ಞಾನದ ಮೇಡಂ ಹತ್ತಿರ ಕೇಳಿ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದಿದ್ದಳು, ಪಿಸ್ತೂಲಿನ ಹಾಗೆ ಹಿಡಿದು ಗುರಿಯಿಟ್ಟರೆ ಆ ಜಾಗದ ಬಿಸಿಯನ್ನು ತೋರಿಸುವಂಥದ್ದು. ದೀಪದ ಕೆಳಗಿನ ಕಲ್ಲಿಗೆ ಗುರಿಯಿಟ್ಟಳು. “ಮಾಮ, ಇಲ್ನೋಡು, ಕಲ್ಲು 54 ಇದೆ, ಪಾಪ ಹೊಟ್ಟೆ ಸುಡಲ್ವಾ?” ಅಂದಳು. ಗಾಜಿನ ಮೇಲಿನ ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ, ತಾನಿದ್ದ ಜಾಗದ ಗಾಳಿಯನ್ನು ಅಳೆಯುತ್ತಿತ್ತು, ಅಷ್ಟೇ. ಓತಿ ಕೂರುವುದು ಕಲ್ಲಿನ ಮೇಲೆ. ಅವತ್ತು ಸಂಜೆ ಅಪ್ಪ ಮಗಳು ದೀಪವನ್ನು ಮೇಲಕ್ಕೆ ಎತ್ತಿ ಕಟ್ಟಿದರು, ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಜೋಡಿಸಿದರು, ಮತ್ತೆ ಅಳೆದರು. ಕಲ್ಲು 41ಕ್ಕೆ ಇಳಿಯಿತು. ತೊಟ್ಟಿಯ ನಡುವೆ 31, ಇನ್ನೊಂದು ತುದಿಯ ನೆರಳಲ್ಲಿ 25. ಹುಡುಗಿ ಮೂರು ಅಂಕಣ ಗೀಚಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆ ಮೂರು ಸಂಖ್ಯೆಗಳಲ್ಲಿ ಬಹಳ ದೊಡ್ಡ ಪಾಠವಿದೆ. ತೊಟ್ಟಿಯೆಲ್ಲ ಒಂದೇ ಬಿಸಿ ಇದ್ದರೆ ಓತಿಗೆ ಆಯ್ಕೆಯೇ ಇರುವುದಿಲ್ಲ. ಒಂದು ತುದಿ ಬಿಸಿಲು, ಇನ್ನೊಂದು ತುದಿ ನೆರಳು ಇದ್ದರೆ ಅದು ತನಗೆ ಬೇಕಾದಷ್ಟು ಕಾಯಿಸಿಕೊಂಡು, ಸಾಕಾದಾಗ ಸರಿದು ಹೋಗುತ್ತದೆ. ಕಾಡಿನಲ್ಲಿ ದಿನವಿಡೀ ಮಾಡುವ ಕೆಲಸವೇ ಅದು. ಚಿಕ್ಕ ತೊಟ್ಟಿ ಯಾಕೆ ಸಾಲದು ಎಂಬುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಓಡಾಡಲು ಜಾಗ ಬೇಕು ಎಂಬುದು ಒಂದು ಕಾರಣವಾದರೆ, ಎರಡಡಿ ಉದ್ದದ ಪೆಟ್ಟಿಗೆಯಲ್ಲಿ ಒಂದು ಕಡೆ 41, ಇನ್ನೊಂದು ಕಡೆ 25 ಇಟ್ಟುಕೊಳ್ಳುವುದೇ ಕಷ್ಟ ಎಂಬುದು ಇನ್ನೊಂದು. ಅದಕ್ಕೇ ದೊಡ್ಡ ಓತಿಗೆ ಕನಿಷ್ಠ ನಾಲ್ಕಡಿ ಉದ್ದ, ಎರಡಡಿ ಅಗಲ ಇರಲಿ ಎಂದು ತಿಳಿದವರು ಹೇಳುವುದು. ಕೆಳಗಿನಿಂದ ಬಿಸಿಯಾಗುವ ‘ಹಾಟ್ ರಾಕ್’ ಎಂಬ ಕರೆಂಟಿನ ಕಲ್ಲನ್ನು ಮಾತ್ರ ಯಾವ ಕಾರಣಕ್ಕೂ ಇಡಬಾರದು. ಬಿಸಿ ಎಂದರೆ ಮೇಲಿನಿಂದ ಬರುವುದು ಎಂದೇ ಈ ಪ್ರಾಣಿಗಳ ಮೈ ರೂಪುಗೊಂಡಿದೆ. ಹೊಟ್ಟೆಯಡಿ ಸುಡುತ್ತಿದ್ದರೂ ಅವು ಎದ್ದು ಹೋಗದೆ ಕೂತೇ ಇರುತ್ತವೆ. ಹಾಗೆ ಹೊಟ್ಟೆಯ ಚರ್ಮ ಬೆಂದುಹೋದ ಓತಿಗಳು, ಹೆಬ್ಬಾವುಗಳು ವೈದ್ಯರ ಮೇಜಿಗೆ ಬರುವುದು ಹೊಸದೇನಲ್ಲ.

ಬಿಸಿಯನ್ನಾದರೂ ಕೈಯಿಟ್ಟು ನೋಡಬಹುದು. ಕಣ್ಣಿಗೂ ಕೈಗೂ ಸಿಗದ ಇನ್ನೊಂದಿದೆ, ಅತಿನೇರಳೆ ಕಿರಣ. ಅದರಲ್ಲೂ 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಯುವಿಬಿ. ಹೊಸಬರಿಗೆ ಅತಿ ಕಷ್ಟದ ಪಾಠ ಇದು, ಅತಿ ಹೆಚ್ಚು ಪ್ರಾಣಿಗಳು ನರಳುವುದೂ ಇದರಿಂದಲೇ. ಓತಿಯ ಚರ್ಮದಲ್ಲಿ ಕೊಲೆಸ್ಟರಾಲ್‌ಗೆ ಹತ್ತಿರದ ಒಂದು ವಸ್ತು ಇದೆ. ಯುವಿಬಿ ಬಿದ್ದಾಗ ಅದು ಡಿ3 ವಿಟಮಿನ್ನಿನ ಹಿಂದಿನ ಹಂತಕ್ಕೆ ಬರುತ್ತದೆ. ಅಲ್ಲಿಂದ ನಿಜವಾದ ಡಿ3 ಆಗಬೇಕಾದರೆ ಮೈ ಬಿಸಿಯಾಗಿರಬೇಕು. ಆಮೇಲೆ ಯಕೃತ್ತು, ಮೂತ್ರಪಿಂಡ ಎರಡೂ ಅದನ್ನು ಹದ ಮಾಡಿ ಕೆಲಸಕ್ಕೆ ಬರುವ ರೂಪ ಕೊಡುತ್ತವೆ. ಆ ರೂಪ ಇದ್ದರೆ ಮಾತ್ರ ತಿಂದ ಆಹಾರದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಹತ್ತುತ್ತದೆ. ಬೆಳಕೂ ಬೇಕು, ಬಿಸಿಯೂ ಬೇಕು, ಎರಡೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಬೀಳಬೇಕು. ಸೂರ್ಯನ ಕೆಳಗೆ ಇದು ತಾನೇ ತಾನಾಗಿ ಆಗುತ್ತದೆ. ಪೆಟ್ಟಿಗೆಯಲ್ಲಿ ಬಿಸಿಯ ದೀಪ ಒಂದು ಮೂಲೆಗೆ, ಯುವಿಬಿ ದೀಪ ಇನ್ನೊಂದು ಮೂಲೆಗೆ ಹಾಕಿದವರ ಓತಿ ಬಿಸಿಯಲ್ಲಿ ಕೂತಾಗ ಕಿರಣ ಸಿಗುವುದಿಲ್ಲ, ಕಿರಣದಲ್ಲಿ ಕೂತಾಗ ಬಿಸಿ ಸಿಗುವುದಿಲ್ಲ.

“ಕಿಟಕಿಯ ಪಕ್ಕ ಇಟ್ಟಿದ್ದೇವಲ್ಲ, ಬಿಸಿಲು ಬೀಳುತ್ತಲ್ಲ” ಎಂಬುದು ಹೊಸಬರು ಪದೇ ಪದೇ ಹೇಳುವ ಮಾತು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಬಿಡುತ್ತದೆ, ಯುವಿಬಿಯನ್ನು ಮಾತ್ರ ಬಹುಪಾಲು ತಡೆದುಬಿಡುತ್ತದೆ. ಅಂದರೆ ಗಾಜಿನ ಹಿಂದಿನ ಬಿಸಿಲಲ್ಲಿ ಓತಿ ಬೆಂದು ಹೋಗಬಹುದು, ಡಿ3 ಮಾತ್ರ ಆಗುವುದಿಲ್ಲ. ತೊಟ್ಟಿಯ ಮೇಲಿನ ತಂತಿ ಜಾಲರಿಯೂ ಒಂದಷ್ಟು ಪಾಲು ನುಂಗುತ್ತದೆ. ದೀಪ ದೂರವಾದಷ್ಟೂ ಕಿರಣ ಬೇಗ ಬೇಗ ಕಡಿಮೆಯಾಗುತ್ತದೆ. ಇನ್ನೊಂದು ಮೋಸವೆಂದರೆ ದೀಪ ಹಳೆಯದಾದರೂ ಉರಿಯುತ್ತಲೇ ಇರುತ್ತದೆ. ಬೆಳಕು ಮೊದಲಿನ ಹಾಗೇ ಕಾಣುತ್ತದೆ, ಕಿರಣ ಸೊರಗಿ ಹೋಗಿರುತ್ತದೆ. ಅದಕ್ಕೇ ಟಿ5 ಎಂಬ ಉದ್ದನೆಯ ಟ್ಯೂಬ್ ದೀಪಗಳನ್ನು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ಹಾಕಿದ ತಾರೀಖನ್ನು ಟ್ಯೂಬಿನ ತುದಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಡುವ ಅಭ್ಯಾಸ ಬಹಳ ಒಳ್ಳೆಯದು.

ಕಿರಣ ಎಷ್ಟು ಇರಬೇಕು ಎಂಬುದು ಬಹುಕಾಲ ಊಹೆಯ ಮಾತಾಗಿತ್ತು. ಅಮೆರಿಕದ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಬಯಲಿಗೆ ಹೋಗಿ, ಹಲ್ಲಿ ಹಾವುಗಳು ಕೂತ ಜಾಗದಲ್ಲೇ ಮೀಟರ್ ಇಟ್ಟು ಅಳೆದು 2010ರಲ್ಲಿ ಪ್ರಕಟಿಸಿದರು. ಯಾವ ಪ್ರಾಣಿ ಎಷ್ಟು ಬಿಸಿಲಿಗೆ ಬರುತ್ತದೆ ಎಂದು ನೋಡಿ ನಾಲ್ಕು ವಲಯ ಮಾಡಿದರು. ನೆರಳಲ್ಲೇ ಇರುವವು ಮೊದಲ ವಲಯಕ್ಕೆ, ನಡುಮಧ್ಯಾಹ್ನವೂ ಬಿಸಿಲಲ್ಲಿ ಕೂರುವವು ನಾಲ್ಕನೆಯದಕ್ಕೆ. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಬೇನ್ಸ್ ಮತ್ತು ಮೃಗಾಲಯಗಳ ತಜ್ಞರು 2016ರಲ್ಲಿ ಇದನ್ನು 250ಕ್ಕೂ ಹೆಚ್ಚು ಪ್ರಭೇದಗಳಿಗೆ ವಿಸ್ತರಿಸಿದರು. ನಮ್ಮ ಗಡ್ಡದ ಓತಿ ಮೂರನೆಯ ವಲಯದ್ದು. ಹವಾಮಾನ ವರದಿಯಲ್ಲಿ ಬರುವ ಯುವಿ ಸೂಚ್ಯಂಕದ ಲೆಕ್ಕದಲ್ಲಿ ಅದು ಕಾಯಿಸಿಕೊಳ್ಳುವ ಜಾಗದಲ್ಲಿ ಸುಮಾರು 3ರಿಂದ 5 ಇರಬೇಕು. ಅಳೆಯಲು ಸೋಲಾರ್‌ಮೀಟರ್ ಎಂಬ ಉಪಕರಣ ಇದೆ, ಬೆಲೆ ಜಾಸ್ತಿ. ಅದಿಲ್ಲದವರು ದೀಪ ತಯಾರಿಸಿದವರು ಕೊಡುವ ದೂರದ ಪಟ್ಟಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಬಯಲಲ್ಲಿ ಬೆವರು ಸುರಿಸಿ ಯಾರೋ ಅಳೆದದ್ದು, ಇವತ್ತು ಮನೆಮೂಲೆಯ ಪೆಟ್ಟಿಗೆಯಲ್ಲಿರುವ ಜೀವಕ್ಕೆ ನೇರವಾಗಿ ತಲುಪುತ್ತಿದೆ. ವಿಜ್ಞಾನ ಇಷ್ಟು ಬೇಗ ಮನೆಯೊಳಗೆ ಬರುವ ಉದಾಹರಣೆಗಳು ಹೆಚ್ಚಿಲ್ಲ.

ಕಿರಣ ಸಿಗದಿದ್ದರೆ ಏನಾಗುತ್ತದೆ? ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ಹೃದಯ ಬಡಿಯಬೇಕಲ್ಲ. ಮೊದಮೊದಲು ಏನೂ ಕಾಣುವುದಿಲ್ಲ. ಆಮೇಲೆ ಬೆರಳುಗಳಲ್ಲಿ ಸಣ್ಣ ನಡುಕ. ಹೊಟ್ಟೆ ಎತ್ತಿ ನಡೆಯುತ್ತಿದ್ದ ಓತಿ ಹೊಟ್ಟೆ ಎಳೆದುಕೊಂಡು ಹೋಗುತ್ತದೆ. ಕೆಳದವಡೆ ರಬ್ಬರಿನಂತೆ ಬಾಗುತ್ತದೆ, ಹುಳು ಕಚ್ಚಲು ಹೋದರೆ ಬಾಯಿ ವಾರೆಯಾಗುತ್ತದೆ. ಬೆನ್ನು ಡೊಂಕಾಗುತ್ತದೆ. ಎತ್ತಿಕೊಂಡ ಮಾತ್ರಕ್ಕೆ ಕಾಲು ಮುರಿಯುತ್ತದೆ. ಮಕ್ಕಳಿಗೆ ಬರುವ ರಿಕೆಟ್ಸ್‌ನ ಹತ್ತಿರದ ನೆಂಟ ಇದು. ಬೇಗ ಗೊತ್ತಾದರೆ ನಿಲ್ಲಿಸಬಹುದು, ಬಾಗಿದ ಮೂಳೆಯನ್ನು ನೇರ ಮಾಡಲಾಗುವುದಿಲ್ಲ. ಹಾಗಾದರೆ ಡಿ3 ಪುಡಿಯನ್ನೇ ಜಾಸ್ತಿ ತಿನ್ನಿಸೋಣವೇ ಎಂದರೆ ಅದೂ ಅಪಾಯ, ಹೆಚ್ಚಾದರೆ ವಿಷ. ಚರ್ಮದಲ್ಲಿ ಆಗುವ ಡಿ3ಗೆ ಆ ಭಯವಿಲ್ಲ. ಸಾಕಷ್ಟು ಆದ ಮೇಲೆ ಅದೇ ಬೆಳಕು ಹೆಚ್ಚುವರಿಯನ್ನು ನಿರುಪದ್ರವಿ ವಸ್ತುಗಳಾಗಿ ಒಡೆದುಬಿಡುತ್ತದೆ.

ಇನ್ನು ಊಟ. ಮರಿಗಳಿಗೆ ಹುಳು ಮುಖ್ಯ, ಸೊಪ್ಪು ಜೊತೆಗೆ. ಬೆಳೆದ ಮೇಲೆ ಲೆಕ್ಕ ತಿರುಗುತ್ತದೆ, ಸೊಪ್ಪು ತರಕಾರಿಯೇ ಹೆಚ್ಚು, ಹುಳು ಅಪರೂಪ. ಇದನ್ನು ತಿರುಗಿಸುವುದು ಮರೆತವರ ಓತಿ ಮೂರು ವರ್ಷಕ್ಕೇ ಕೊಬ್ಬಿ ಯಕೃತ್ತಿನ ಕಾಯಿಲೆಗೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಚಿಮ್ಮಂಡೆಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಂಜಕ ಅದರ ಹಲವು ಪಟ್ಟು. ಓತಿಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ, ರಂಜಕದ ಎರಡು ಪಟ್ಟು ಕ್ಯಾಲ್ಸಿಯಂ. ಆದ್ದರಿಂದ ಹುಳುಗಳಿಗೆ ಒಂದು ದಿನ ಮೊದಲೇ ಒಳ್ಳೆಯ ಸೊಪ್ಪು ತಿನ್ನಿಸಿ, ಆಮೇಲೆ ಡಬ್ಬಿಯಲ್ಲಿ ಹಾಕಿ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಾಡಿಸಿ ಕೊಡಬೇಕು. ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರದ ಕುಟುಂಬಗಳಲ್ಲಿ ಜೀವಂತ ಹುಳುವಿನ ಡಬ್ಬ ಫ್ರಿಜ್ಜಿಗೆ ಬಂದಾಗ ಆಗುವ ಚರ್ಚೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದು ನಿಜವಾದ ಪ್ರಶ್ನೆ. ಮರಿ ತರುವ ಮೊದಲೇ ಅಡುಗೆಮನೆ ನಡೆಸುವವರನ್ನು ಕೂರಿಸಿಕೊಂಡು ಮಾತಾಡಿ ಮುಗಿಸಬೇಕಾದ ಪ್ರಶ್ನೆ. ಹುಳು ಕೊಡದೆ ಮರಿಯನ್ನು ಬೆಳೆಸಲಾಗುವುದಿಲ್ಲ.

ಸೊಪ್ಪಿನಲ್ಲೂ ನಮ್ಮವರು ಒಂದು ವಿಷಯ ಗಮನಿಸಬೇಕು. ಸೊಪ್ಪೆಂದರೆ ಎಲ್ಲ ಒಳ್ಳೆಯದೇ ಎಂದು ಪಾಲಕ್, ದಂಟು, ಬೀಟ್ರೂಟಿನ ಎಲೆ ಹಾಕುತ್ತೇವೆ. ಇವುಗಳಲ್ಲಿ ಆಕ್ಸಲೇಟ್ ಹೆಚ್ಚು, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಕರುಳಿಂದ ಹೀರದಂತೆ ಮಾಡುತ್ತದೆ. ದಿನನಿತ್ಯಕ್ಕೆ ಸಾಸಿವೆ ಸೊಪ್ಪು, ಅಲ್ಲಿ ಸಿಗುವ ಕೊಲ್ಲಾರ್ಡ್ ಸೊಪ್ಪು, ದಂಡೇಲಿಯನ್ ಎಲೆ ವಾಸಿ. ಬೆಣ್ಣೆಹಣ್ಣು ಕೊಡಲೇಬಾರದು.

ಅಮೆರಿಕದ ಪೂರ್ವ ಭಾಗದಲ್ಲಿರುವವರಿಗೆ ಬೇರೆ ಎಚ್ಚರಿಕೆಯೂ ಬೇಕು. ಜೂನ್ ಸಂಜೆಗಳಲ್ಲಿ ಅಲ್ಲಿನ ಹಿತ್ತಿಲುಗಳಲ್ಲಿ ಮಿಂಚುಹುಳಗಳು ತುಂಬಿಕೊಳ್ಳುತ್ತವೆ. ಮಕ್ಕಳು ಶೀಶೆಯಲ್ಲಿ ಹಿಡಿದು ತಂದು, ಹುಳ ತಾನೇ ಎಂದು ಓತಿಯ ಮುಂದೆ ಬಿಡುತ್ತಾರೆ. ಆ ಮಿಂಚುಹುಳಗಳ ಮೈಯಲ್ಲಿ ಕಪ್ಪೆಯ ವಿಷವನ್ನು ಹೋಲುವ, ಹೃದಯಕ್ಕೆ ನಾಟುವ ವಸ್ತುವಿದೆ. ಒಂದೇ ಒಂದು ಹುಳ ತಿಂದರೂ ಗಡ್ಡದ ಓತಿ ಬಾಯಿ ತೆರೆದು, ತಲೆ ಒದರಿ, ಕಪ್ಪಾಗಿ ಸಾಯಬಹುದು. ಇಂಥ ಸಾವುಗಳು 1999ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ದಾಖಲಾಗಿವೆ. ಅಮೆರಿಕದ ಹಲ್ಲಿಗಳು ಆ ಹುಳವನ್ನು ಮುಟ್ಟುವುದಿಲ್ಲ, ಅದರೊಂದಿಗೆ ಬಾಳಿ ಗೊತ್ತು. ಆಸ್ಟ್ರೇಲಿಯಾದಿಂದ ಬಂದ ವಂಶಕ್ಕೆ ಆ ಪರಿಚಯವೇ ಇಲ್ಲ. ಸಾಕುವವರೇ ಆ ಜಾಗದಲ್ಲಿ ನಿಂತು ತಡೆಯಬೇಕು.

ಇಷ್ಟೆಲ್ಲ ಹೊಸಬರಿಗೆ ಗೊತ್ತಾಗುವುದು ಎಲ್ಲಿಂದ? ಅಂಗಡಿಯವರು ಒಂದು ಹೇಳುತ್ತಾರೆ, ಹತ್ತು ವರ್ಷದಿಂದ ಸಾಕಿದವರು ಇನ್ನೊಂದು, ಮರಿ ಮಾಡಿಸುವವರು ಮತ್ತೊಂದು. ಇಷ್ಟು ಗೊಂದಲ ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ‘ಜುರಾಸಿಕ್ ಪಾರ್ಕ್’ ಸಿನಿಮಾ ಬಂದದ್ದು 1993ರಲ್ಲಿ. ಆ ದಶಕದಲ್ಲಿ ಅಮೆರಿಕಕ್ಕೆ ಹಸಿರು ಇಗುವಾನಾಗಳು ಲಕ್ಷಗಟ್ಟಲೆ ಬಂದಿಳಿದವು. ಪುಟ್ಟ ಹಸಿರು ಮರಿ, ಕಡಿಮೆ ಬೆಲೆ. ಅದು ಐದಡಿ ಬೆಳೆಯುತ್ತದೆ ಎಂದಾಗಲೀ, ಬರೀ ಎಲೆ ತಿನ್ನುವ ಪ್ರಾಣಿ ಎಂದಾಗಲೀ ಕೊಂಡವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಬೆಕ್ಕಿನ ಆಹಾರ, ನಾಯಿಯ ಬಿಸ್ಕತ್ತು ಹಾಕಿದರು, ಮೂತ್ರಪಿಂಡ ಕೈಕೊಟ್ಟಿತು. ಐಸ್‌ಬರ್ಗ್ ಲೆಟ್ಯೂಸ್ ಮಾತ್ರ ಹಾಕಿದರು, ಮೂಳೆ ಕರಗಿತು. ದೊಡ್ಡದಾದವನ್ನು ಕೆಲವರು ಹೊರಗೆ ಬಿಟ್ಟರು, ದಕ್ಷಿಣ ಫ್ಲಾರಿಡಾದ ಕಾಲುವೆ ದಂಡೆಗಳಲ್ಲಿ ಅವುಗಳ ಸಂತಾನ ಇವತ್ತಿಗೂ ಇದೆ. ಆ ಸಾವುಗಳ ನಡುವೆಯೇ ತಿಳಿವಳಿಕೆ ಹುಟ್ಟಿತು. ಸರೀಸೃಪಗಳ ಮತ್ತು ಉಭಯಚರಗಳ ವೈದ್ಯರ ಸಂಘ 1991ರಲ್ಲಿ ಶುರುವಾಯಿತು. ಫಿಲಿಪ್ ಡಿ ವೊಸ್ಜೋಲಿಯಂಥವರು ಒಂದೊಂದು ಪ್ರಾಣಿಗೆ ಒಂದೊಂದರಂತೆ ಚಿಕ್ಕ ಕೈಪಿಡಿಗಳನ್ನು ಬರೆದರು. ಬಹಳಷ್ಟು ಸಾಕಣೆದಾರರಿಗೆ ಅವೇ ಮೊದಲ ಪಾಠ.

ಆದರೂ ವಾಡಿಕೆಯ ಮಾತುಗಳ ಬಲ ದೊಡ್ಡದು. ಯಾರೋ ಒಬ್ಬರು ಒಂದು ರೀತಿಯಲ್ಲಿ ಸಾಕಿದರು, ಪ್ರಾಣಿ ಬದುಕಿತು, ಅದೇ ನಿಯಮವಾಯಿತು, ಕಾರಣ ಕೇಳುವವರಿಲ್ಲ. ಬ್ರಿಟನ್ನಿನ ಜೀವವಿಜ್ಞಾನಿ ಕೆವಿನ್ ಆರ್ಬಕಲ್ 2013ರಲ್ಲಿ ಇದರ ಬಗ್ಗೆಯೇ ಲೇಖನ ಬರೆದು ಎಚ್ಚರಿಸಿದರು. ಪ್ರಾಣಿ ಸಾಯಲಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದು ಅರ್ಥವಲ್ಲ. ಸರೀಸೃಪಗಳು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸೊರಗುತ್ತಲೇ ಬದುಕಬಲ್ಲವು. ಹಾಗಾಗಿ ಯಾರ ಮಾತು ನಂಬಬೇಕು ಎಂದು ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೇ. ಹೇಳುವವರ ಅನುಭವದ ವರ್ಷಗಳನ್ನು ಎಣಿಸಬೇಡಿ. ಎಷ್ಟು ಡಿಗ್ರಿ, ಯಾವ ಜಾಗದಲ್ಲಿ, ಯಾವುದರಿಂದ ಅಳೆದಿರಿ, ಯಾಕೆ ಅಷ್ಟು ಬೇಕು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಕೊಡುವವರ ಮಾತು ಕೇಳಿ.

ಪ್ರಭೇದದ ಆಯ್ಕೆಯೇ ಅರ್ಧ ಪಾಠ ಎಂಬುದಕ್ಕೆ ಬ್ರಿಟನ್ನಿನ ಒಂದು ಅಧ್ಯಯನ ಸಾಕ್ಷಿ. ಸಾಕಣೆದಾರರನ್ನೇ ಕೇಳಿ 2015ರಲ್ಲಿ ಪ್ರಕಟಿಸಿದ ಆ ಲೆಕ್ಕದಲ್ಲಿ, ಮನೆಗೆ ತಂದ ಮೊದಲ ವರ್ಷದಲ್ಲಿ ಸತ್ತ ಸರೀಸೃಪಗಳು ಒಟ್ಟಾರೆ ಶೇ 3.6. ಹೆಬ್ಬಾವು ಮತ್ತು ಬೋವಾ ಜಾತಿಯಲ್ಲಿ ಶೇ 1.9. ಊಸರವಳ್ಳಿಗಳಲ್ಲಿ ಮಾತ್ರ ಶೇ 28.2. ಬಣ್ಣ ಬದಲಿಸುತ್ತದೆ ಎಂಬ ಒಂದೇ ಆಸೆಗೆ ಊಸರವಳ್ಳಿಯಿಂದ ಶುರು ಮಾಡುವವರು ಈ ಕೊನೆಯ ಸಂಖ್ಯೆಯನ್ನು ನೆನಪಿಡಬೇಕು.

ಅಳತೆ ಕೈವಶವಾದ ಮೇಲೆ ನೋಟ ಪಳಗಬೇಕು. ನಾವು ನಮ್ಮ ಭಾವನೆಯನ್ನು ಪ್ರಾಣಿಯ ಮೇಲೆ ಹೇರುತ್ತೇವೆ. ಮರಿ ಮುಂಗಾಲೆತ್ತಿ ಮೆಲ್ಲಗೆ ಬೀಸಿದರೆ “ಹಾಯ್ ಹೇಳ್ತಿದೆ” ಎಂದು ಮಕ್ಕಳು ಕುಣಿಯುತ್ತಾರೆ. ‘ನಾನು ಚಿಕ್ಕವನು, ನನ್ನ ತಂಟೆಗೆ ಬರಬೇಡ’ ಎಂಬ ಶರಣಾಗತಿ ಅದು. ಎರಡನ್ನು ಒಂದೇ ತೊಟ್ಟಿಯಲ್ಲಿಟ್ಟು, ಒಂದು ಇನ್ನೊಂದರ ಮೇಲೆ ಹತ್ತಿ ಮಲಗಿದರೆ ಎಷ್ಟು ಅನ್ಯೋನ್ಯ ಎಂದುಕೊಳ್ಳುತ್ತೇವೆ. ಮೇಲಿನದು ಬಿಸಿಯನ್ನೂ ಕಿರಣವನ್ನೂ ತಾನೇ ಕಬಳಿಸುತ್ತಿದೆ, ಕೆಳಗಿನದು ದಿನದಿನಕ್ಕೆ ಹಿಂದೆ ಬೀಳುತ್ತಿದೆ. ಇವು ಒಂಟಿ ಪ್ರಾಣಿಗಳು, ಒಂಟಿಯಾಗಿಯೇ ಇಡಬೇಕು. ಮನೆಗೆ ತಂದ ಮೊದಲ ಒಂದೆರಡು ವಾರ ಎತ್ತದೆ, ಮುದ್ದಿಸದೆ, ಊಟ ನೀರು ಕೊಟ್ಟು ಸುಮ್ಮನೆ ಬಿಡುವುದು ಮಕ್ಕಳಿಗೆ ಕಷ್ಟ, ಪ್ರಾಣಿಗೆ ಅಗತ್ಯ. ಪೊರೆ ಬಿಡುವಾಗ ಬೆರಳಲ್ಲೋ ಬಾಲದ ತುದಿಯಲ್ಲೋ ಸಿಕ್ಕಿಕೊಂಡ ತುಣುಕನ್ನು ಕಿತ್ತು ತೆಗೆಯಬಾರದು, ಬೆಚ್ಚಗಿನ ನೀರಲ್ಲಿ ನೆನೆಸಿದರೆ ತಾನಾಗಿ ಬಿಡುತ್ತದೆ. ಬಿಡದೆ ಬಿಗಿದುಕೊಂಡರೆ ರಕ್ತ ಓಡದೆ ಬೆರಳೇ ಉದುರುತ್ತದೆ.

ಎಲ್ಲಕ್ಕಿಂತ ಕಂಗಾಲು ಮಾಡುವುದು ಚಳಿಗಾಲ. ಬೆಳೆದ ಓತಿ ಒಂದು ದಿನ ಊಟ ಬಿಟ್ಟು, ಮೂಲೆಗೆ ಸರಿದು, ವಾರಗಟ್ಟಲೆ ಮಲಗಿಬಿಡುತ್ತದೆ. ಸತ್ತೇ ಹೋಯಿತು ಎಂದು ಅಳುವವರೂ ಇದ್ದಾರೆ, ಕಾಯಿಲೆ ಬಿದ್ದದ್ದನ್ನು ‘ಚಳಿ ನಿದ್ದೆ’ ಎಂದು ಬಿಟ್ಟುಬಿಡುವವರೂ ಇದ್ದಾರೆ. ಇವೆರಡನ್ನು ಬೇರೆ ಮಾಡುವುದು ತಕ್ಕಡಿ. ಗ್ರಾಂ ಲೆಕ್ಕದಲ್ಲಿ ತೂಗುವ ಒಂದು ಚಿಕ್ಕ ತಕ್ಕಡಿ ಪ್ರಾಣಿಗಾಗಿಯೇ ಇರಲಿ. ವಾರಕ್ಕೊಮ್ಮೆ ತೂಗಿ ಬರೆದರೆ ಸಾಕು. ಚಳಿ ನಿದ್ದೆಯಲ್ಲಿರುವ ಆರೋಗ್ಯವಂತ ಓತಿಯ ತೂಕ ಅಷ್ಟಾಗಿ ಇಳಿಯುವುದಿಲ್ಲ. ಒಂದೇ ಸಮ ಇಳಿಯುತ್ತಿದ್ದರೆ, ಅಥವಾ ಒಂದು ವರ್ಷ ತುಂಬದ ಮರಿ ಹೀಗೆ ಮಲಗಿದರೆ, ಹಿಕ್ಕೆಯ ಮಾದರಿ ಹಿಡಿದುಕೊಂಡು ವೈದ್ಯರ ಹತ್ತಿರ ಓಡಬೇಕು. ಸರೀಸೃಪ ನೋಡುವ ವೈದ್ಯರು ಎಲ್ಲಿದ್ದಾರೆ ಎಂಬುದನ್ನು ಮರಿ ಕೊಳ್ಳುವ ಮೊದಲೇ ಹುಡುಕಿಟ್ಟುಕೊಂಡಿರಬೇಕು.

ಕೈ ತೊಳೆಯುವುದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಲು ಮನಸ್ಸಾಗುವುದಿಲ್ಲ, ಯಾಕೆಂದರೆ ಇದು ಮಕ್ಕಳ ಜೀವದ ಪ್ರಶ್ನೆ. ಸರೀಸೃಪಗಳ ಕರುಳಲ್ಲಿ ಸಾಲ್ಮೊನೆಲ್ಲಾ ಇರುವುದು ಸಹಜ, ಅವು ಆರೋಗ್ಯವಾಗಿಯೇ ಕಾಣುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಗಡ್ಡದ ಓತಿಗಳಿಂದ ಹರಡಿದ ಸೋಂಕುಗಳನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಗುರುತಿಸಿದೆ, ಸೋಂಕು ತಗುಲಿದವರಲ್ಲಿ ಹಸುಗೂಸುಗಳೂ ಇದ್ದವು. ಮಗು ಪ್ರಾಣಿಯನ್ನು ಮುಟ್ಟಲೇಬೇಕೆಂದಿಲ್ಲ, ಮುಟ್ಟಿದ ದೊಡ್ಡವರ ಕೈ ಸಾಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಸರೀಸೃಪ ಕೊಡಬಾರದು, ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಇದೇ ಕಾರಣಕ್ಕೆ ಅಮೆರಿಕ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಿತು. ಪುಟ್ಟ ಮಕ್ಕಳು ಅವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಕರ್ನಾಟಕದ ಓದುಗರು ಕೇಳಬಹುದು, ನಾವೂ ಸಾಕಬಹುದೇ? ನಮ್ಮ ನೆಲದ ಸರೀಸೃಪಗಳ ಮಟ್ಟಿಗೆ ಉತ್ತರ ಸ್ಪಷ್ಟ, ಸಾಕುವಂತಿಲ್ಲ. ಹಾವು, ಉಡ, ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅದೃಷ್ಟ ತರುತ್ತದೆ ಎಂದು ಕದ್ದುಮುಚ್ಚಿ ಮಾರಾಟವಾಗುವ ನಕ್ಷತ್ರ ಆಮೆ 2022ರ ತಿದ್ದುಪಡಿಯ ನಂತರ ಮೊದಲ ಪರಿಚ್ಛೇದದಲ್ಲಿದೆ, ಮೂರರಿಂದ ಏಳು ವರ್ಷದವರೆಗೆ ಜೈಲು ಆಗಬಹುದು. ಕಳ್ಳದಾರಿಯಲ್ಲಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. ಹೊರಗಿನಿಂದ ಇಲ್ಲಿಗೆ ಬರುವ ಹರಿವೂ ಕಡಿಮೆಯಿಲ್ಲ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಒಂದೇ ಪ್ರಯಾಣಿಕನ ಸಾಮಾನಿನಲ್ಲಿ ಹೆಬ್ಬಾವು, ಇಗುವಾನಾ, ಊಸರವಳ್ಳಿ ಸೇರಿ 234 ಪ್ರಾಣಿಗಳು ಸಿಕ್ಕವು. ಬಾಲ್ ಹೆಬ್ಬಾವು, ಹಸಿರು ಇಗುವಾನಾದಂಥ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಕಾನೂನಿನ ಆಚೆಗೂ ಒಂದು ಸಂಗತಿಯಿದೆ. ಕದ್ದು ತಂದ ಪ್ರಾಣಿಯ ಬಗ್ಗೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ವೈದ್ಯರ ಹತ್ತಿರ ಕರೆದೊಯ್ಯಲು ಭಯ, ಪಕ್ಕದ ಮನೆಯವರಿಗೆ ತೋರಿಸಲು ಭಯ. ಆಸ್ಟ್ರೇಲಿಯಾದಲ್ಲಿ ತಮ್ಮದೇ ನೆಲದ ಗಡ್ಡದ ಓತಿ ಸಾಕಲು ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಬೇಕು. ಅದು ಅಡ್ಡಿಯಂತೆ ಕಂಡರೂ ಸಾಕುವವರು ಬೆಳಕಿನಲ್ಲಿರುತ್ತಾರೆ, ಕೇಳುತ್ತಾರೆ, ತಪ್ಪಿದರೆ ತಿದ್ದುವವರಿರುತ್ತಾರೆ. ಬಚ್ಚಿಟ್ಟ ಕಡೆ ಕಲಿಕೆ ನಿಂತುಹೋಗುತ್ತದೆ, ಅದರ ಫಲ ಉಣ್ಣುವುದು ಪ್ರಾಣಿ.

ನಮ್ಮ ನಗರಗಳ ಮನೆಗಳಲ್ಲಿ ಸಾಮಾನ್ಯವಾಗಿ ಸಾಕಿರುವ ಸರೀಸೃಪವೆಂದರೆ ಅಕ್ವೇರಿಯಂ ಅಂಗಡಿಗಳಿಂದ ಬಂದ, ಕೆನ್ನೆಯ ಮೇಲೆ ಕೆಂಪು ಪಟ್ಟಿಯ ಆಮೆ, ರೆಡ್ ಇಯರ್ಡ್ ಸ್ಲೈಡರ್. ನಾಣ್ಯದಷ್ಟಿದ್ದಾಗ ತಂದು, ಪ್ಲಾಸ್ಟಿಕ್ ಬೋಗುಣಿಯಲ್ಲಿ ಎರಡಿಂಚು ನೀರು ಹಾಕಿ, ಒಣಗಿದ ಸೀಗಡಿ ಉದುರಿಸುತ್ತಾರೆ. ಅದು ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಬೇಸತ್ತು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುತ್ತಾರೆ, ಪುಣ್ಯವೆಂದೇ ನಂಬಿ. ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ, ಯುರೋಪು ಇದರ ಆಮದನ್ನು 1997ರಲ್ಲೇ ನಿಲ್ಲಿಸಿತು. ನಮ್ಮ ಕೆರೆಗಳ ಸ್ವಂತ ಆಮೆಗಳ ಊಟ, ಮೈ ಕಾಯಿಸುವ ಬಂಡೆ ಎರಡನ್ನೂ ಇದು ಕಿತ್ತುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಈಗಾಗಲೇ ಒಂದು ಇದ್ದರೆ ಕೆರೆಗೆ ಬಿಡಬೇಡಿ. ಈ ವಾರವೇ ಬೋಗುಣಿ ಬದಲಿಸಿ ದೊಡ್ಡ ತೊಟ್ಟಿ ತನ್ನಿ, ಚಿಪ್ಪು ಪೂರ್ತಿ ಮುಳುಗಿ ಈಜುವಷ್ಟು ನೀರು ತುಂಬಿ, ನೀರು ಸೋಸುವ ಫಿಲ್ಟರ್ ಹಾಕಿ, ಹತ್ತಿ ಕೂರಲು ಒಣ ಕಲ್ಲೊಂದನ್ನು ಇಟ್ಟು ಅದರ ಮೇಲೆ ಬಿಸಿಯ ದೀಪ, ಯುವಿಬಿ ದೀಪ ಎರಡನ್ನೂ ಜೋಡಿಸಿ. ಬೆಂಗಳೂರು, ಮೈಸೂರಿನಂಥ ಊರಲ್ಲಿ ಬೆಳಗಿನ ಎಳೆಬಿಸಿಲು ಬೀಳುವ ಬಾಲ್ಕನಿಯಿದ್ದರೆ, ನೆರಳಿಗೂ ಸರಿಯುವ ಹಾಗೆ ಟಬ್ ಇಟ್ಟು, ಕಾಗೆಗೆ ಸಿಗದಂತೆ ಮೇಲೆ ಜಾಲರಿ ಹಾಕಿ, ದಿನಕ್ಕೆ ಸ್ವಲ್ಪ ಹೊತ್ತು ಗಾಜಿಲ್ಲದ ಬಿಸಿಲಿಗೆ ಬಿಡಬಹುದು. ಚಿಪ್ಪು ಒತ್ತಿದರೆ ಮೆತ್ತಗೆನಿಸಿದರೆ, ಕಣ್ಣು ಊದಿ ಮುಚ್ಚಿಕೊಂಡಿದ್ದರೆ ದೀಪ ತರುವವರೆಗೂ ಕಾಯದೆ ಮೊದಲು ವೈದ್ಯರಿಗೆ ತೋರಿಸಿ.